ಸುಸಾನ್ ಸ್ಟ್ರೇಂಜ್ ಮತ್ತು ರಾಜಕೀಯ ಅರ್ಥಶಾಸ್ತ್ರ

ಅರ್ಥಶಾಸ್ತ್ರವನ್ನೂ ಅಂತರರಾಷ್ಟ್ರೀಯ ರಾಜಕೀಯವನ್ನೂ ಬೇರೆಬೇರೆಯಾಗಿ ಬೋಧಿಸುವ ಪದ್ಧತಿಯನ್ನು ಬ್ರಿಟನ್ನಿನಲ್ಲಿ ಬಲವಾಗಿ ಪ್ರಶ್ನಿಸಿದವರು ಸುಸಾನ್ ಸ್ಟ್ರೇಂಜ್ (1923–1998). ಅಧ್ಯಾಪನಕ್ಕೆ ಬರುವ ಮುನ್ನ ಅವರು ಪತ್ರಕರ್ತೆಯಾಗಿದ್ದರು. ಅವರ ವಿಚಾರಸರಣಿಗೆ ಆ ವೃತ್ತಿಯೇ ಮೂಲವೆಂದು ತೋರುತ್ತದೆ. ಇವೆರಡು ಶಾಸ್ತ್ರಗಳೂ ಒಂದನ್ನೊಂದು ಅಲಕ್ಷಿಸಿವೆಯೆಂದು 1970ರ ಲೇಖನವೊಂದರಲ್ಲಿ ಆಕ್ಷೇಪಿಸಿದರು. ಪೌಂಡಿನ ಜಾಗತಿಕ ಪ್ರತಿಷ್ಠೆಯನ್ನು ಕಾಪಾಡುವ ಹಂಬಲವು ಬ್ರಿಟನ್ನಿಗೇ ಹೊರೆಯಾದುದನ್ನು 1971ರ ಗ್ರಂಥದಲ್ಲಿ ವಿವರಿಸಿದರು. 1978ರಲ್ಲಿ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನ ಪ್ರಾಧ್ಯಾಪಕರಾಗಿ ಈ ವಿಷಯದ ಬೋಧನೆಗೆ ನೆಲೆ ಕಲ್ಪಿಸಿದರು. ಭದ್ರತೆ, ಉತ್ಪಾದನೆ, ಹಣಕಾಸು, ಜ್ಞಾನ—ಈ ನಾಲ್ಕರ ವ್ಯವಸ್ಥೆಯನ್ನು ರೂಪಿಸಬಲ್ಲವರಲ್ಲಿಯೇ ನಿಜವಾದ ಅಧಿಕಾರವಿದೆಯೆಂಬುದು 1988ರ ‘ಸ್ಟೇಟ್ಸ್ ಅಂಡ್ ಮಾರ್ಕೆಟ್ಸ್’ ಗ್ರಂಥದ ವಾದ. ಅಮೆರಿಕದ ಪ್ರಾಬಲ್ಯ ಕುಗ್ಗುತ್ತಿದೆಯೆಂದು ಅನೇಕ ವಿದ್ವಾಂಸರು ನುಡಿಯುತ್ತಿದ್ದ ಆ ಕಾಲದಲ್ಲಿ, ಇದೇ ಅಳತೆಗೋಲಿನಿಂದ ಅವರು ಆ ಮಾತನ್ನು ಅಲ್ಲಗಳೆದರು. ನಾಲ್ಕರಲ್ಲಿ ಹಣಕಾಸಿನ ವಿವೇಚನೆಯೇ ಹೆಚ್ಚು ಗಟ್ಟಿಯಾದುದು. ಹತೋಟಿಯಿಲ್ಲದ ಹಣದ ಮಾರುಕಟ್ಟೆಯನ್ನು ಜೂಜುಕಟ್ಟೆಗೆ ಹೋಲಿಸಿ ಅವರು 1986ರಲ್ಲಿಯೇ ಬರೆದಿದ್ದ ಗ್ರಂಥವನ್ನು 2008ರ ಕುಸಿತದ ತರುವಾಯ ಓದುವವರಿಗೆ ಇದು ಸ್ಪಷ್ಟವಾಗುತ್ತದೆ.