ರಂಗೋಲಿ ನಕ್ಷೆ ಯಾರ ಕಡತಕ್ಕೆ? ವಿದ್ಯಾರ್ಥಿಗಳ ಗ್ರಾಮ ಸಮೀಕ್ಷೆ ಕುರಿತು ಒಂದು ಟಿಪ್ಪಣಿ

ಕೃಷಿ ಪದವಿಯ ಕೊನೆಯ ವರ್ಷದ ವಿದ್ಯಾರ್ಥಿಗಳು ಗ್ರಾಮೀಣ ಕೃಷಿ ಕಾರ್ಯಾನುಭವಕ್ಕೆಂದು ಹಲವು ವಾರ ಹಳ್ಳಿಯಲ್ಲೇ ತಂಗುತ್ತಾರೆ. ಶಾಲೆಯ ಅಂಗಳದಲ್ಲೋ ಅರಳಿಕಟ್ಟೆಯ ಮುಂದೋ ರಂಗೋಲಿ ಪುಡಿಯಲ್ಲಿ ಊರಿನ ಸಂಪನ್ಮೂಲ ನಕ್ಷೆ ಮೂಡುತ್ತದೆ: ಕೆರೆ, ತೂಬು, ಕೊಳವೆಬಾವಿ, ಗೋಮಾಳ, ಕೆಂಪುಮಣ್ಣಿನ ಹೊಲ, ಎರೆಹೊಲ. ಆ ನಕ್ಷೆ ಮುಂದೆ ಎಲ್ಲಿಗೆ ಹೋಗುತ್ತದೆ ಎಂಬುದಷ್ಟೇ ಇಲ್ಲಿನ ವಿಷಯ.

ಊರಿನವರನ್ನೇ ಜತೆಗೂಡಿಸಿಕೊಂಡು ಮಾಡುವ ಈ ಸಹಭಾಗಿ ಸಮೀಕ್ಷೆಯ ಬೇರುಗಳಲ್ಲೊಂದು ಕೀನ್ಯಾದಲ್ಲಿದೆ. 1988ರಲ್ಲಿ ಮಚಾಕೋಸ್ ಜಿಲ್ಲೆಯ ಹಳ್ಳಿಯೊಂದರಲ್ಲಿ ಅಮೆರಿಕದ ಕ್ಲಾರ್ಕ್ ವಿಶ್ವವಿದ್ಯಾಲಯವೂ ಕೀನ್ಯಾದ ರಾಷ್ಟ್ರೀಯ ಪರಿಸರ ಸಚಿವಾಲಯವೂ ಸೇರಿ ಇದನ್ನು ನಡೆಸಿದವು. ಮರುವರ್ಷವೇ ಕರ್ನಾಟಕದಲ್ಲಿ ಮೈರಾಡ ಸ್ವಯಂಸೇವಾ ಸಂಸ್ಥೆ ಇದನ್ನು ಕೈಗೆತ್ತಿಕೊಂಡಿತು. ಕೀನ್ಯಾದ ಸಮೀಕ್ಷೆ ಊರಿನದೇ ಸಂಪನ್ಮೂಲ ನಿರ್ವಹಣಾ ಯೋಜನೆಯಲ್ಲಿ ಕೊನೆಗೊಂಡಿತ್ತು ಎಂಬುದು ಗಮನಾರ್ಹ. ನಮ್ಮ ಪಠ್ಯಕ್ರಮಕ್ಕೆ ವಿಧಾನ ಬಂತು, ಆ ಕೊನೆ ಬಂದಂತಿಲ್ಲ.

ನೆಲದ ಮೇಲಿನ ನಕ್ಷೆಯನ್ನು ಯಾರಾದರೂ ತಿದ್ದಬಹುದು. ಗೋಮಾಳದ ಗೆರೆ ತಪ್ಪೆನಿಸಿದವರು ಕಾಲಿನಿಂದಲೇ ಅಳಿಸಿ ಬೇರೆ ಗೆರೆ ಎಳೆದಾರು, ತಕರಾರೂ ಎದ್ದೀತು. ಯೋಜನೆಗೆ ಬೇಕಾದದ್ದು ಆ ತಕರಾರೇ. ನಕ್ಷೆ ಚಾರ್ಟ್ ಹಾಳೆಗೆ ಏರಿತೋ, ಪೆನ್ಸಿಲ್ಲು ವಿದ್ಯಾರ್ಥಿಯ ಕೈಯಲ್ಲಿ. ಹಾಳೆ ರೆಕಾರ್ಡಿಗೆ ಸೇರಿತೋ, ಅದನ್ನು ನೋಡುವವರು ಪರೀಕ್ಷಕರು. ಅಂಕ ವಿದ್ಯಾರ್ಥಿಗೆ ಸಿಗುತ್ತದೆ. ಗ್ರಾಮ ಪಂಚಾಯ್ತಿಯ ವಾರ್ಷಿಕ ಅಭಿವೃದ್ಧಿ ಯೋಜನೆಗೆ ಆ ನಕ್ಷೆ ಸೇರಲೇಬೇಕೆಂಬ ಕಟ್ಟು ಎಲ್ಲೂ ಇಲ್ಲ.

ಹೋಲಿಕೆಗೆ, ಊರಿನ ಜೀವಸಂಪತ್ತನ್ನೂ ಅದರ ಬಗೆಗಿನ ಜನರ ಅರಿವನ್ನೂ ಬರೆದಿಡುವ ಜನತಾ ಜೀವವೈವಿಧ್ಯ ದಾಖಲಾತಿ ಉಪಯುಕ್ತ. 1990ರ ದಶಕದ ನಡುವೆ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ್ ಮತ್ತು ಸಂಗಡಿಗರು ಇದನ್ನು ರೂಪಿಸಿದಾಗ ಪಶ್ಚಿಮಘಟ್ಟದ ಕಾಲೇಜು ಅಧ್ಯಾಪಕರೂ ವಿದ್ಯಾರ್ಥಿಗಳೂ ಹಳ್ಳಿಗರ ಜತೆ ಕುಳಿತು ಬರೆದರು. 2002ರ ಜೀವವೈವಿಧ್ಯ ಕಾಯ್ದೆ, 2004ರ ನಿಯಮಗಳ ಬಳಿಕ ದಾಖಲಾತಿ ಸಿದ್ಧಪಡಿಸುವುದು ಸ್ಥಳೀಯ ಜೀವವೈವಿಧ್ಯ ನಿರ್ವಹಣಾ ಸಮಿತಿಯ ಮುಖ್ಯ ಹೊಣೆಯಾಯಿತು. ಅಂದರೆ ಬರಹಕ್ಕೆ ಊರಿನಲ್ಲೇ ಒಬ್ಬ ವಾರಸುದಾರ ಸಿಕ್ಕ. ಆದರೆ ಸಮಯ ಸಿಗಲಿಲ್ಲ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ದಾಖಲಾತಿ ಮುಗಿಸಲು 2020ರ ಜನವರಿ 31ರ ಗಡುವು ವಿಧಿಸಿ, ತಪ್ಪಿದ ರಾಜ್ಯಗಳು ತಿಂಗಳಿಗೆ 10 ಲಕ್ಷ ರೂಪಾಯಿ ತೆರಬೇಕೆಂದಿತು. ದೇಶದಲ್ಲಿ ಈಗ 2.5 ಲಕ್ಷಕ್ಕೂ ಮಿಕ್ಕಿ ದಾಖಲಾತಿಗಳಿವೆ. ಗಡುವಿನ ಭರದಲ್ಲಿ ಬರೆದ ದಾಖಲಾತಿ ತೋಟಗಳಿಗೆ ಸೊಪ್ಪು ಒದಗಿಸುವ ಉತ್ತರ ಕನ್ನಡದ ಸೊಪ್ಪಿನಬೆಟ್ಟವನ್ನು ಎಷ್ಟು ಋತುಗಳಲ್ಲಿ ಕಂಡೀತು? ಅಪ್ಪೆಮಿಡಿಗೆ ಒಂದು ಕಾಲ, ಮುಂಗಾರಿನ ಹೊಸನೀರಿಗೆ ಹತ್ತಿ ಬರುವ ಮೀನಿಗೆ ಇನ್ನೊಂದು.

ಹೀಗಾಗಿ ನನ್ನ ವಾದ ಇಷ್ಟು: ಊರಲ್ಲಿ ಕುಳಿತು ಕೇಳುವ ವ್ಯವಧಾನ ಇರುವಲ್ಲಿ ಬರಹಕ್ಕೆ ವಾರಸುದಾರರಿಲ್ಲ, ವಾರಸುದಾರರಿರುವಲ್ಲಿ ವ್ಯವಧಾನವಿಲ್ಲ. ವಿದ್ಯಾರ್ಥಿಗಳ ಕೌಶಲದ ಕೊರತೆಯನ್ನೇ ದೂರುವ ವಿಮರ್ಶೆ ಈ ತೊಡಕನ್ನು ಕಾಣುವುದಿಲ್ಲ.

ಪರೀಕ್ಷಿಸಬಹುದಾದ ದಾರಿಯೊಂದಿದೆ. ಹಿಂದಿನ ತಂಡದ ನಕ್ಷೆಯನ್ನು ಮುಂದಿನ ತಂಡ ಅದೇ ಹಳ್ಳಿಗೆ ಒಯ್ದು, ಮತ್ತೆ ನೆಲದ ಮೇಲೆ ಹಾಸಿ, ಗ್ರಾಮಸಭೆಯಲ್ಲಿ ತಿದ್ದಿಸಿ, ಅದರ ಒಂದು ಪ್ರತಿಯನ್ನು ಪಂಚಾಯ್ತಿಗೆ ಒಪ್ಪಿಸಬೇಕು. ಅಂಕ ಚಿತ್ರದ ಅಂದಕ್ಕಲ್ಲ, ಬದಲಾದ ಗೆರೆಗಳಿಗೂ ಅವುಗಳ ಕಾರಣ ಬರೆದದ್ದಕ್ಕೂ. ಒಂದು ಸೆಮಿಸ್ಟರ್ ಕಾಣದ ಋತುವನ್ನು ಬೇರೆ ತಿಂಗಳಲ್ಲಿ ಬಂದ ತಂಡ ಕಂಡೀತು.

ಒಂದು ಎಚ್ಚರಿಕೆಯನ್ನು ಮಾತ್ರ ಮೊದಲೇ ಪಾಲಿಸಬೇಕು. ನಾಟಿವೈದ್ಯರು ಹೇಳಿದ ಗಿಡದ ಬಳಕೆಯನ್ನು, ಅವರು ಬಯಸಿದರೆ, ಗೋಪ್ಯವಾಗಿಡಲು ಜನತಾ ದಾಖಲಾತಿಯಲ್ಲಿ ಅವಕಾಶವಿದೆ. ಅದೇ ಮಾತು ವಿದ್ಯಾರ್ಥಿಯ ರೆಕಾರ್ಡಿನಲ್ಲಿದ್ದರೆ, ಕಾಲೇಜಿನ ಕಪಾಟು ತೆರೆದ ಯಾರು ಬೇಕಾದರೂ ಓದಬಹುದು. ಆದ್ದರಿಂದ ಔಷಧಿ ಸಸ್ಯಗಳ ಪುಟ ನೇರವಾಗಿ ಜೀವವೈವಿಧ್ಯ ನಿರ್ವಹಣಾ ಸಮಿತಿಗೇ ಹೋಗಬೇಕು, ಪರೀಕ್ಷಕರ ಮೇಜಿಗಲ್ಲ.