ಗೋಡೆಯೊಳಗಿನ ಕಣ

ಇಂಗ್ಲೆಂಡಿನ ಸ್ವಿಂಡನ್‌ನಲ್ಲಿರುವ ಮಗಳ ಮನೆಗೆ ಹತ್ತಿರದಲ್ಲೇ ಗ್ರೇಟ್ ಕಾಕ್ಸ್‌ವೆಲ್ ಎಂಬ ಹಳ್ಳಿ. ಅಲ್ಲಿ ಪೈರು ತುಂಬಲೆಂದೇ ಕಟ್ಟಿದ ಕಲ್ಲಿನ ಕಟ್ಟಡವಿದೆ: ಉದ್ದ 152 ಅಡಿ, ಅಗಲ 44, ಎತ್ತರ 48. ತೊಲೆಗಳ ಉಂಗುರ ಎಣಿಸಿದವರ ಪ್ರಕಾರ ಮರ ಕಡಿದದ್ದು ಸುಮಾರು 1292ರಲ್ಲಿ. ದೂರದಿಂದ ನೋಡಿದರೆ ಚರ್ಚು ಅನ್ನಬೇಕು.

ಲೋಕೋಪಯೋಗಿ ಇಲಾಖೆಯಲ್ಲಿ ಗೋದಾಮು, ಕ್ವಾರ್ಟರ್ಸ್ ಕಟ್ಟಿಸಿಯೇ ನಿವೃತ್ತನಾದವನು ನಾನು. ಕಣ್ಣು ಮೊದಲು ಹೋಗುವುದು ಕಂಬದ ಬುಡಕ್ಕೆ. ಇಲ್ಲಿ ಓಕ್ ಕಂಬಗಳು ನೆಲ ಮುಟ್ಟುವುದಿಲ್ಲ, ಆಳೆತ್ತರದ ಕಲ್ಲುಕಟ್ಟೆಯ ಮೇಲೆ ನಿಂತಿವೆ. ತೇವ ಏರುವುದಿಲ್ಲ, ಗಾಡಿ ತಗುಲಿ ಮರ ಸೀಳುವುದೂ ಇಲ್ಲ. ಮಾಡಿನ ಹಂಚೂ ಕಲ್ಲಿನದೇ. ಸೂರಿನ ಬಳಿ ದೊಡ್ಡವು, ಮೇಲೇರಿದಂತೆ ಚಿಕ್ಕವು. ಹೆಚ್ಚು ಭಾರ ಗೋಡೆಯ ಹತ್ತಿರವೇ ಬೀಳುತ್ತದೆ. ಕಟ್ಟಿದವರಿಗೆ ಲೆಕ್ಕ ಗೊತ್ತಿತ್ತು.

ನಮ್ಮ ತುಮಕೂರು ಸೀಮೆಗೆ ಇದು ಬೇಕಿರಲಿಲ್ಲ. ಸುಗ್ಗಿಯಲ್ಲಿ ಬಿಸಿಲಿಗೇನು ಬರ? ಬಯಲಲ್ಲೇ ಕಣ ಮಾಡಿ, ರೋಣಗಲ್ಲು ಹೊಡೆದು, ಗಾಳಿಗೆ ತೂರಿ ರಾಗಿಯನ್ನು ಹಗೇವಿಗೆ ಇಳಿಸಿದರೆ ಆಯಿತು. ಅಲ್ಲಿ ಕುಯ್ಲಿನಲ್ಲೂ ಮಳೆಯ ಭಯ. ತೆನೆ ಸಮೇತ ಸಿವುಡನ್ನೇ ಒಳಗೆ ಒಟ್ಟಿ, ಚಳಿಗಾಲವೆಲ್ಲ ಕೋಲಿನಿಂದ ಬಡಿಯುತ್ತಿದ್ದರು. ಎದುರುಬದುರು ಬಾಗಿಲು ತೆರೆದರೆ ಗಾಳಿ ಹಾಯುತ್ತದೆ, ಹೊಟ್ಟು ಹಾರುತ್ತದೆ. ನಮ್ಮ ಕಣವನ್ನೇ ಎತ್ತಿ ಗೋಡೆಯೊಳಗೆ ಇಟ್ಟಂತೆ.

1203ರಲ್ಲಿ ದೊರೆ ಜಾನ್ ಇಲ್ಲಿನ ಜಮೀನನ್ನು ಸಿಸ್ಟರ್ಸಿಯನ್ ಸನ್ಯಾಸಿಗಳಿಗೆ ದತ್ತಿ ಕೊಟ್ಟ. ಈ ಕಟ್ಟಡ ಕಟ್ಟಿಸಿದ್ದು ಅವರ ಬ್ಯೂಲಿ ಮಠ. ಎಂಟನೇ ಹೆನ್ರಿ 1538ರಲ್ಲಿ ಮಠ ಮುಚ್ಚಿಸಿದ, ಒಕ್ಕಣೆ ಮುಚ್ಚಿಸಲಾದೀತೆ? 18ನೇ ಶತಮಾನದಲ್ಲಿ ದೊಡ್ಡ ಗಾಡಿಗಳಿಗೆಂದು ಎರಡು ತುದಿಯಲ್ಲೂ ಬಾಗಿಲು ಒಡೆದರು. ಹತ್ತಿರದ ಕೆಲ್ಮ್‌ಸ್ಕಾಟ್‌ನಲ್ಲಿದ್ದ ವಿಲಿಯಂ ಮಾರಿಸ್ ಇದನ್ನು ಬಹಳ ಮೆಚ್ಚಿದ್ದ. ಜೀರ್ಣೋದ್ಧಾರದ ಹೆಸರಲ್ಲಿ ಹಳೇ ಕಟ್ಟಡ ಕೆಡಿಸುವುದರ ವಿರುದ್ಧ 1877ರಲ್ಲಿ ಸಂಘ ಕಟ್ಟಿದವನೂ ಅವನೇ.

ಪಕ್ಕದ ಕೋಲ್ಸ್‌ಹಿಲ್ ಎಸ್ಟೇಟಿನಲ್ಲಿ 1850ರ ದಶಕದ ಮಾದರಿ ಫಾರ್ಮ್ ಇದೆ. ಅದನ್ನು ಇಳಿಜಾರಿನಲ್ಲಿ ಕಟ್ಟಿದ್ದಾರೆ: ಮೇವು ಮೇಲಿನಿಂದ ಬರಬೇಕು, ಗೊಬ್ಬರ ಕೆಳಗೆ ಹೋಗಬೇಕು. ಎರಡು ಜಾಗವೂ ಅರ್ನೆಸ್ಟ್ ಕುಕ್ ಬರೆದ ಉಯಿಲಿನಿಂದ 1956ರಲ್ಲಿ ನ್ಯಾಷನಲ್ ಟ್ರಸ್ಟ್‌ಗೆ ಸೇರಿದವು. (ಪ್ರವಾಸದ ಥಾಮಸ್ ಕುಕ್‌ನ ಮೊಮ್ಮಗ ಈತ.) ಇಂದು ಆ ಫಾರ್ಮಿನ ಕೊಟ್ಟಿಗೆಗಳಲ್ಲಿ ಕಚೇರಿ, ಸಣ್ಣಪುಟ್ಟ ಕಾರ್ಯಾಗಾರಗಳಿವೆ. ಹೊಂದುತ್ತದೆ, ಏಕೆಂದರೆ ಅದು ಮೊದಲಿನಿಂದಲೂ ಅಂಕಣ ಅಂಕಣವಾಗಿಯೇ ಇತ್ತು.

ಕಂಬೈನ್ ಯಂತ್ರ ಬಂದು ಒಕ್ಕಣೆ ಹೊಲದಲ್ಲೇ ಮುಗಿಯತೊಡಗಿದ ಮೇಲೆ ಇಂಗ್ಲೆಂಡಿನ ಇಂಥ ಕಟ್ಟಡಗಳು ಸಾಲುಸಾಲಾಗಿ ಮನೆಗಳಾಗಿವೆ. ಸಂರಕ್ಷಿತ ಪಟ್ಟಿಯಲ್ಲಿಲ್ಲದ ಕೃಷಿ ಕಟ್ಟಡಗಳಿಗೆ 2014ರ ನಿಯಮ ದಾರಿಯನ್ನು ಇನ್ನಷ್ಟು ಸಲೀಸು ಮಾಡಿತು. ಪಾಳು ಬೀಳುವುದಕ್ಕಿಂತ ವಾಸಿ, ಒಪ್ಪುತ್ತೇನೆ. ಆದರೆ ಗಾಳಿಕಿಂಡಿಗೆ ಗಾಜು ಕೂರಿಸಿ, ನಡುವೆ ಮಹಡಿ ಹಾಕಿದ ಕಣದೊಳಗೆ ಉಳಿಯುವುದು ಸೊಟ್ಟ ತೊಲೆಯ ಕೆಳಗೊಂದು ಅಡುಗೆಮನೆ ಅಷ್ಟೆ. ಕಾಕ್ಸ್‌ವೆಲ್‌ನಲ್ಲಿ ಎಷ್ಟು ಫ್ಲ್ಯಾಟ್ ಬರಬಹುದು ಎಂದು ಅಳಿಯ ಲೆಕ್ಕ ಹಾಕತೊಡಗಿದ. ಬೇಕಾದರೆ ಕೋಲ್ಸ್‌ಹಿಲ್‌ನ ಕೊಟ್ಟಿಗೆ ಅಳೆದುಕೋ ಅಂದೆ.