ನಗರ ಬಡಾವಣೆ ಯೋಜನೆಗಳಿಗೆ ಹಣ ಎಲ್ಲಿಂದ ಬರುತ್ತದೆ? – ನಿವೇಶನಾರ್ಥಿಗಳ ಮಾಹಿತಿಗಾಗಿ

ಸರ್ಕಾರಿ ಬಡಾವಣೆಯ ನಿವೇಶನಕ್ಕೆ ಇಷ್ಟೊಂದು ದರವೇಕೆ ಎಂಬ ಪ್ರಶ್ನೆಯನ್ನು ಅರ್ಜಿದಾರರು ಪದೇ ಪದೇ ಕೇಳುತ್ತಾರೆ. ಬಡಾವಣೆಯ ವೆಚ್ಚವನ್ನು ರಾಜ್ಯ ಆಯವ್ಯಯದಿಂದ ಭರಿಸಲಾಗುತ್ತದೆ ಎಂಬ ತಪ್ಪು ಗ್ರಹಿಕೆಯೇ ಈ ಪ್ರಶ್ನೆಗೆ ಮೂಲ. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಅಧಿನಿಯಮ, 1976ರ ಅಡಿಯಲ್ಲಿ ರಚಿಸುವ ಬಡಾವಣೆಯು ಬಹುಮಟ್ಟಿಗೆ ತನ್ನ ವೆಚ್ಚವನ್ನು ತಾನೇ ದುಡಿದುಕೊಳ್ಳಬೇಕಾಗಿರುತ್ತದೆ. ನಿವೇಶನದಾರರು ಪಾವತಿಸುವ ಮೌಲ್ಯವೇ ಅದರ ಮುಖ್ಯ ಬಂಡವಾಳ.

ಭೂಮಿಯ ಲೆಕ್ಕ

ಅಧಿನಿಯಮದ 17ನೇ ಪ್ರಕರಣದನ್ವಯ ಪ್ರಾಥಮಿಕ ಅಧಿಸೂಚನೆಯನ್ನೂ 19ನೇ ಪ್ರಕರಣದನ್ವಯ ಅಂತಿಮ ಅಧಿಸೂಚನೆಯನ್ನೂ ಹೊರಡಿಸಿ ಭೂಮಿಯನ್ನು ಸ್ವಾಧೀನಪಡಿಸಿಕೊಳ್ಳಲಾಗುತ್ತದೆ. ಪರಿಹಾರವನ್ನು ಪೂರ್ತಿ ನಗದಿನಲ್ಲಿ ನೀಡಬೇಕಾದರೆ ಒಂದೇ ಒಂದು ನಿವೇಶನ ಮಾರಾಟವಾಗುವ ಮೊದಲೇ ಅಪಾರ ಹಣ ಬೇಕಾಗುತ್ತದೆ. ಈ ಕಾರಣದಿಂದ ನಾಡಪ್ರಭು ಕೆಂಪೇಗೌಡ ಬಡಾವಣೆಯಂತಹ ಯೋಜನೆಗಳಲ್ಲಿ ಭೂಮಾಲೀಕರಿಗೆ ನಗದಿಗೆ ಬದಲಾಗಿ ಅಭಿವೃದ್ಧಿಪಡಿಸಿದ ಭೂಮಿಯನ್ನೇ ನೀಡುವ 60:40 ಪದ್ಧತಿಯನ್ನು ಅನುಸರಿಸಲಾಯಿತು.

ಇದನ್ನು ಒಂದು ಎಕರೆಗೆ ಅನ್ವಯಿಸಿ ನೋಡಬಹುದು. ಒಂದು ಎಕರೆ ಎಂದರೆ 43,560 ಚದರಡಿ. 16ನೇ ಪ್ರಕರಣದ ಪ್ರಕಾರ ಬಡಾವಣೆಯ ವಿಸ್ತೀರ್ಣದಲ್ಲಿ ಕನಿಷ್ಠ ಶೇ. 15ರಷ್ಟನ್ನು ಉದ್ಯಾನ ಹಾಗೂ ಆಟದ ಮೈದಾನಗಳಿಗೆ, ಅದಲ್ಲದೆ ಕನಿಷ್ಠ ಶೇ. 10ರಷ್ಟನ್ನು ನಾಗರಿಕ ಸೌಲಭ್ಯಗಳಿಗೆ ಮೀಸಲಿಡತಕ್ಕದ್ದು. ರಸ್ತೆಗಳಿಗೂ ಭೂಮಿ ಬಿಟ್ಟ ನಂತರ ನಿವೇಶನಗಳಿಗೆ ಉಳಿಯುವುದು ಸುಮಾರು ಶೇ. 55, ಅಂದರೆ 23,958 ಚದರಡಿ. ಅದರಲ್ಲಿ ಶೇ. 40ರ ಪಾಲು, 9,583 ಚದರಡಿ, ಭೂಮಾಲೀಕರಿಗೆ ಸೇರುತ್ತದೆ. ಪ್ರಾಧಿಕಾರದ ಕೈಯಲ್ಲಿ ಉಳಿಯುವುದು 14,375 ಚದರಡಿ. ಇದರಲ್ಲಿ 30x40 ಅಳತೆಯ ನಿವೇಶನಗಳು ಪೂರ್ತಿ ಹನ್ನೆರಡು ಸಹ ಆಗುವುದಿಲ್ಲ. ಇಡೀ ಎಕರೆಯ ರಸ್ತೆ, ಚರಂಡಿ, ಒಳಚರಂಡಿ, ನೀರು, ವಿದ್ಯುತ್ ಮತ್ತು ಆಡಳಿತ ವೆಚ್ಚವನ್ನು ಹೊರುವುದು ಈ ನಿವೇಶನಗಳೇ. ದರ ಹೆಚ್ಚೆಂದು ತೋರುವವರು ಈ ಲೆಕ್ಕವನ್ನೊಮ್ಮೆ ಗಮನಿಸಬೇಕಾಗಿ ಕೋರಲಾಗಿದೆ.

ಇತರೆ ಮೂಲಗಳು

ಮೂಲೆ ನಿವೇಶನಗಳನ್ನೂ ವಾಣಿಜ್ಯ ನಿವೇಶನಗಳನ್ನೂ ಸಾಮಾನ್ಯ ಹಂಚಿಕೆಗೆ ಸೇರಿಸದೆ, 1984ರ ಪ್ರತ್ಯೇಕ ನಿಯಮಗಳ ಅಡಿಯಲ್ಲಿ ಹರಾಜು ಮಾಡಲಾಗುತ್ತದೆ. ಮೂಲೆ ನಿವೇಶನವನ್ನೇ ಹಂಚುವಂತೆ ಕೋರುವ ಮನವಿಗಳನ್ನು ಪರಿಗಣಿಸಲು ಬಾರದಿರುವುದಕ್ಕೆ ಇದೇ ಕಾರಣ. ನಾಗರಿಕ ಸೌಲಭ್ಯ ನಿವೇಶನಗಳ ಗುತ್ತಿಗೆ ಹಣ, ಹಾಗೂ ಜನರು ಬೆಟರ್‌ಮೆಂಟ್ ಎಂದು ಕರೆಯುವ 20ನೇ ಪ್ರಕರಣದ ತೆರಿಗೆಯೂ ಆದಾಯದ ಮೂಲಗಳೇ.

ವಿಳಂಬದ ಹೊರೆ

ಇಂತಹ ಯೋಜನೆಯಲ್ಲಿ ಕಾಲವೇ ಅತ್ಯಂತ ದುಬಾರಿ ವಸ್ತು. ಅರ್ಕಾವತಿ ಬಡಾವಣೆಗೆ 2003ರಲ್ಲಿ ಪ್ರಾಥಮಿಕ ಹಾಗೂ 2004ರಲ್ಲಿ ಅಂತಿಮ ಅಧಿಸೂಚನೆ ಹೊರಟರೂ, ವ್ಯಾಜ್ಯವು ಸರ್ವೋಚ್ಚ ನ್ಯಾಯಾಲಯದಲ್ಲಿ ತೀರ್ಪು ಕಂಡದ್ದು 2010ರಲ್ಲಿ. ಕೆಂಪೇಗೌಡ ಬಡಾವಣೆಯ ಅಂತಿಮ ಅಧಿಸೂಚನೆ 2010ರದ್ದು. ಮೊದಲ ಹಂತದ ಹಂಚಿಕೆ ನಡೆದದ್ದು 2016ರಲ್ಲಿ. ಐದು ವರ್ಷಗಳೊಳಗೆ ಯೋಜನೆಯನ್ನು ಗಣನೀಯವಾಗಿ ಕಾರ್ಯಗತಗೊಳಿಸದಿದ್ದಲ್ಲಿ ಅದು ರದ್ದಾಗುತ್ತದೆಂದು 27ನೇ ಪ್ರಕರಣ ಹೇಳುತ್ತದೆ. ಆದರೆ ಹಣ ಕಟ್ಟಿ ಕುಳಿತ ಕುಟುಂಬಕ್ಕೆ ಐದು ವರ್ಷವೂ ದೀರ್ಘವೇ. ಒಂದೆಡೆ ಬ್ಯಾಂಕ್ ಸಾಲದ ಕಂತು, ಇನ್ನೊಂದೆಡೆ ಮನೆ ಬಾಡಿಗೆ ಎರಡನ್ನೂ ಅದು ತೆರಬೇಕಾಗುತ್ತದೆ.

ಸ್ಥಿರಾಸ್ತಿ (ನಿಯಂತ್ರಣ ಮತ್ತು ಅಭಿವೃದ್ಧಿ) ಅಧಿನಿಯಮ, 2016 ಅಂದರೆ ರೇರಾ, ನಿವೇಶನ ಮಾರುವ ಅಭಿವೃದ್ಧಿ ಪ್ರಾಧಿಕಾರಗಳನ್ನೂ ಪ್ರವರ್ತಕರ ವ್ಯಾಖ್ಯೆಯಲ್ಲಿ ಸೇರಿಸಿದೆ. ಹಂಚಿಕೆದಾರರಿಂದ ಸಂಗ್ರಹಿಸಿದ ಹಣದಲ್ಲಿ ಶೇ. 70ರಷ್ಟನ್ನು ಪ್ರತ್ಯೇಕ ಬ್ಯಾಂಕ್ ಖಾತೆಯಲ್ಲಿರಿಸಿ, ಅದೇ ಯೋಜನೆಯ ಭೂಮಿ ಹಾಗೂ ಕಾಮಗಾರಿಗೆ ಮಾತ್ರ ಬಳಸಬೇಕೆಂಬುದು ಈ ಕಾಯ್ದೆಯ ವಿಧಿ. ಒಂದು ಬಡಾವಣೆಯ ಹಣದಿಂದ ಇನ್ನೊಂದರ ಬಿಲ್ಲು ತೀರಿಸುವ ಪರಿಪಾಠಕ್ಕೆ ಇದರಿಂದ ತಡೆ ಇದೆ.

ಆದುದರಿಂದ ಅರ್ಜಿದಾರರು ಠೇವಣಿ ಪಾವತಿಸುವ ಮುನ್ನ ಅಂತಿಮ ಅಧಿಸೂಚನೆ ಹೊರಟಿದೆಯೇ, ಭೂಮಿ ವಾಸ್ತವವಾಗಿ ಸ್ವಾಧೀನಕ್ಕೆ ಬಂದಿದೆಯೇ, ಯೋಜನೆಗೆ ರೇರಾ ನೋಂದಣಿ ಸಂಖ್ಯೆ ಇದೆಯೇ ಎಂಬುದನ್ನು ಪರಿಶೀಲಿಸತಕ್ಕದ್ದು. ಹಂಚಿಕೆ ಪತ್ರ ಕೈಸೇರಿದ ಮೇಲೆ ನಿವೇಶನದ ಸರ್ವೆ ನಂಬರಿನ ಮೇಲೆ ನ್ಯಾಯಾಲಯದ ತಡೆಯಾಜ್ಞೆ ಇದೆಯೇ ಎಂಬುದನ್ನು ಲಿಖಿತವಾಗಿ ಕೇಳಿ ತಿಳಿಯಬಹುದಾಗಿದೆ. ಮಾಹಿತಿ ಹಕ್ಕು ಅಧಿನಿಯಮ, 2005ರ ಅಡಿಯಲ್ಲಿಯೂ ಇದನ್ನು ಕೋರಬಹುದು. ನಿಗದಿತ ಅವಧಿಯಲ್ಲಿ ನಿವೇಶನ ದೊರೆಯದಿದ್ದಲ್ಲಿ ಕರ್ನಾಟಕ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರಕ್ಕೆ ದೂರು ಸಲ್ಲಿಸಲು ಅವಕಾಶವಿರುತ್ತದೆ. ಪಾವತಿ ರಸೀದಿ, ಹಂಚಿಕೆ ಪತ್ರ ಹಾಗೂ ಪತ್ರ ವ್ಯವಹಾರದ ಪ್ರತಿಗಳನ್ನು ದೂರಿನೊಂದಿಗೆ ಲಗತ್ತಿಸುವುದು.